ಆಳಾಗಬಲ್ಲವನು ಅರಸಾಗಬಲ್ಲ: ಕ್ಯಾಪ್ಟನ್ ಆಲ್ ಹೇನ್ಸ್ ಸ್ಮರಣೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಹತ್ತಾರು ಜನರ ಮೇಲೆ ಅಧಿಕಾರ ನಡೆಸುವ ಸ್ಥಾನಗಳಲ್ಲಿದ್ದಾರೆ. ಇತ್ತೀಚೆಗೆ ಅವರಲ್ಲೊಬ್ಬ ಮನೆಗೆ ಬಂದಿದ್ದ. ಕಾಫಿ ಕುಡಿಯುತ್ತ, "ಸಾರ್, ಕೈಕೆಳಗಿನವರು ಹೇಳಿದ್ದನ್ನೆಲ್ಲ ಕೇಳುತ್ತ ಕುಳಿತರೆ ಅಧಿಕಾರ ನಡೆಸುವುದು ಹೇಗೆ? ಮೇಲಿನವನು ಗಟ್ಟಿಯಾಗಿರಬೇಕಲ್ಲವೇ?" ಎಂದು ಕೇಳಿದ. ನಾನು ಏನೋ ಒಂದು ಉತ್ತರ ಹೇಳಿದೆ. ಅದರಿಂದ ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಅವನು ಹೋದ ಮೇಲೆ ಹಳೆಯ ಕಡತದಲ್ಲಿದ್ದ ಒಬ್ಬ ವ್ಯಕ್ತಿಯ ನೆನಪಾಯಿತು. ಅವರು ಸೈನಿಕರಾಗಿದ್ದವರು, ಅನಂತರ ಪ್ರಯಾಣಿಕ ವಿಮಾನದ ಪೈಲಟ್ ಆದವರು. ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಅವರ ಬದುಕಿನ 44 ನಿಮಿಷಗಳಲ್ಲಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

1989ರ ಜುಲೈ ತಿಂಗಳಿನಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ದೊಡ್ಡ ವಿಮಾನವೊಂದು ಅಪಘಾತಕ್ಕೀಡಾದ ಸುದ್ದಿಯನ್ನು ಶಾಲೆಯ ವಾಚನಾಲಯದಲ್ಲಿ ಓದಿದ್ದೆ. ದೂರದ ಸುದ್ದಿ, ಓದಿ ಮರೆತೆ. ಏಳು ತಿಂಗಳ ಬಳಿಕ, 1990ರ ಫೆಬ್ರವರಿ 14ರಂದು, ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ಏರ್‌ಬಸ್ ವಿಮಾನ ನಮ್ಮ ಬೆಂಗಳೂರಿನಲ್ಲಿ ಇಳಿಯುವಾಗ ಬಿದ್ದು, ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ತೀರಿಕೊಂಡರು. ಮರುದಿನ ತರಗತಿಯಲ್ಲಿ ಪಾಠ ಸಾಗಲಿಲ್ಲ. ವಿಮಾನ ಹೇಗೆ ಹಾರುತ್ತದೆ, ಹೇಗೆ ಬೀಳುತ್ತದೆ ಎಂಬುದೇ ಮಕ್ಕಳ ಪ್ರಶ್ನೆ. ಅವರಿಗಾಗಿ ಪತ್ರಿಕೆಗಳ ತುಣುಕುಗಳನ್ನು ಕತ್ತರಿಸಿ ಇಡತೊಡಗಿದೆ. ಆ ಕಡತದಲ್ಲಿ ಅಯೋವಾದ ಸುದ್ದಿಯೂ ಸೇರಿತು. ನಿವೃತ್ತಿಯ ನಂತರ ಮಗನಿಂದ ಗಣಕಯಂತ್ರದ ಬಳಕೆ ಕಲಿತ ಮೇಲೆ, ಆ ವಿಮಾನದ ಕ್ಯಾಪ್ಟನ್ 1991ರ ಮೇ 24ರಂದು ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರವೊಂದರಲ್ಲಿ ಮಾಡಿದ ಭಾಷಣದ ಪಠ್ಯ ಅಂತರ್ಜಾಲದಲ್ಲಿ ದೊರಕಿತು. ರಾತ್ರಿ ಕುಳಿತು ಓದಿ ಮುಗಿಸಿದೆ. ಅಂದಿನಿಂದ ಅವರು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟರು.

ಅವರ ಹೆಸರು ಆಲ್ಫ್ರೆಡ್ ಹೇನ್ಸ್. ಎಲ್ಲರೂ ಕರೆಯುತ್ತಿದ್ದುದು ಆಲ್ ಹೇನ್ಸ್ ಎಂದು. 1931ರ ಆಗಸ್ಟ್ 31ರಂದು ಟೆಕ್ಸಸ್ ರಾಜ್ಯದ ಪ್ಯಾರಿಸ್ ಎಂಬ ಊರಿನಲ್ಲಿ ಜನನ. (ಫ್ರಾನ್ಸಿನ ಪ್ಯಾರಿಸ್ ಅಲ್ಲ!) 1952ರಲ್ಲಿ ನೌಕಾಪಡೆಯ ವೈಮಾನಿಕ ತರಬೇತಿಗೆ ಸೇರಿದರು. ಮರೀನ್ ಕೋರ್‌ನ ವೈಮಾನಿಕರಾಗಿ ಸೇವೆ ಸಲ್ಲಿಸಿ, 1956ರಲ್ಲಿ ಸೈನ್ಯ ಬಿಟ್ಟು ಯುನೈಟೆಡ್ ಏರ್‌ಲೈನ್ಸ್ ಸೇರಿದರು. ಅಲ್ಲಿಂದ ಮೂವತ್ತಮೂರು ವರ್ಷ, ಮೂವತ್ತು ಸಾವಿರ ಗಂಟೆಗಳಿಗೆ ಸಮೀಪದ ಹಾರಾಟ. ಯಾವ ಪತ್ರಿಕೆಯೂ ಬರೆಯಬೇಕಾದಂಥದ್ದು ಅದರಲ್ಲಿ ಏನೂ ಇರಲಿಲ್ಲ. ಒಳ್ಳೆಯ ಪೈಲಟ್‌ನ ಲಕ್ಷಣ ಅದೇ ತಾನೇ?

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಆ ಪೀಳಿಗೆಯ ಪೈಲಟ್‌ಗಳಲ್ಲಿ ಅನೇಕರು ಸೈನ್ಯದಿಂದ ಬಂದವರು. ಅವರೊಂದಿಗೆ ಸೈನ್ಯದ ಶಿಸ್ತೂ ವಿಮಾನದೊಳಗೆ ಬಂತು. ಕ್ಯಾಪ್ಟನ್ ಹೇಳಿದ್ದೇ ಮಾತು. ಪಕ್ಕದಲ್ಲಿ ಕುಳಿತ ಸಹಪೈಲಟ್, ಹಿಂದೆ ಕುಳಿತ ಎಂಜಿನಿಯರ್, ಕೇಳಿದಾಗ ಮಾತ್ರ ಬಾಯಿ ತೆರೆಯಬೇಕು. ಶಿಸ್ತಿಗೆ ಇದು ಚೆನ್ನು. ಆದರೆ ಕ್ಯಾಪ್ಟನ್‌ನೇ ತಪ್ಪಿದಾಗ? 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ, ಮಂಜು ಕವಿದ ರನ್‌ವೇಯ ಮೇಲೆ ಎರಡು ಜಂಬೋ ವಿಮಾನಗಳು ಢಿಕ್ಕಿ ಹೊಡೆದು 583 ಮಂದಿ ಸತ್ತರು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂಬ ಸಂಶಯವನ್ನು ಎಂಜಿನಿಯರ್ ವ್ಯಕ್ತಪಡಿಸಿದ್ದ. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ್ದರು. ಮರುವರ್ಷ ಡಿಸೆಂಬರ್ 28ರಂದು ಪೋರ್ಟ್‌ಲ್ಯಾಂಡ್ ನಗರದ ಬಳಿ ಯುನೈಟೆಡ್ ಸಂಸ್ಥೆಯದೇ ವಿಮಾನವೊಂದರ ಕ್ಯಾಪ್ಟನ್, ಚಕ್ರದ ತೊಂದರೆಯೊಂದರ ಚಿಂತೆಯಲ್ಲಿ ಸುಮಾರು ಒಂದು ಗಂಟೆ ಆಕಾಶದಲ್ಲೇ ಸುತ್ತಿದರು. ಇಂಧನ ಮುಗಿಯುತ್ತಿದೆ ಎಂಬ ಜೊತೆಗಾರರ ಮಾತು ಅವರ ಮನಸ್ಸಿಗೆ ನಾಟಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು, ಹತ್ತು ಮಂದಿ ಸತ್ತರು.

ಈ ಪಾಠಗಳ ಫಲವಾಗಿ 1981ರಲ್ಲಿ ಯುನೈಟೆಡ್ ಸಂಸ್ಥೆ ತನ್ನ ಪೈಲಟ್‌ಗಳಿಗೆ ಹೊಸದೊಂದು ತರಬೇತಿ ಆರಂಭಿಸಿತು. ಇಂದು ಅದನ್ನು ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಸಾರಾಂಶ ಇಷ್ಟೇ: ಕಿರಿಯನು ಹೇಳಲು ಕಲಿಯಬೇಕು, ಹಿರಿಯನು ಕೇಳಲು ಕಲಿಯಬೇಕು. ಐವತ್ತರ ಹತ್ತಿರದ ಕ್ಯಾಪ್ಟನ್‌ಗಳನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ ಇದನ್ನು ಕಲಿಸುವುದು ಎಷ್ಟು ಕಷ್ಟವೆಂದು ಶಿಕ್ಷಕನಾದ ನಾನು ಬಲ್ಲೆ. ಹೇನ್ಸ್ ಆ ಬೆಂಚಿನ ಮೇಲೆ ಕುಳಿತು ಕಲಿತವರು.

ಈಗ 1989ರ ಜುಲೈ 19, ಬುಧವಾರಕ್ಕೆ ಬರೋಣ. ಡೆನ್ವರ್‌ನಿಂದ ಶಿಕಾಗೋಗೆ ಹೊರಟ 232ನೆಯ ಸಂಖ್ಯೆಯ ಡಿಸಿ-10 ವಿಮಾನ. ಮೂರು ಎಂಜಿನ್: ಎರಡು ರೆಕ್ಕೆಗಳ ಕೆಳಗೆ, ಒಂದು ಬಾಲದಲ್ಲಿ. ಒಳಗೆ 296 ಜನ. ಮಧ್ಯಾಹ್ನ 3 ಗಂಟೆ 16 ನಿಮಿಷಕ್ಕೆ, 37,000 ಅಡಿ ಎತ್ತರದಲ್ಲಿ, ದೊಡ್ಡ ಸದ್ದಿನೊಂದಿಗೆ ಬಾಲದ ಎಂಜಿನ್ ಸಿಡಿಯಿತು. ಒಂದು ಎಂಜಿನ್ ಹೋದರೆ ಡಿಸಿ-10 ಹಾರಬಲ್ಲದು. ಆದರೆ ಸಿಡಿದ ಲೋಹದ ಚೂರುಗಳು ಬಾಲದ ಭಾಗದಲ್ಲಿದ್ದ ಹೈಡ್ರಾಲಿಕ್ ಕೊಳವೆಗಳನ್ನು ಕತ್ತರಿಸಿದ್ದವು.

ಪಾಸ್ಕಲ್‌ನ ನಿಯಮ ನಿಮಗೆ ನೆನಪಿರಬೇಕು. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೈಲಟ್‌ನ ಕೈಯ ಅಲ್ಪ ಬಲ ದೂರದ ರೆಕ್ಕೆ ಮತ್ತು ಬಾಲಗಳ ಭಾರವಾದ ಫಲಕಗಳನ್ನು ಅಲುಗಿಸುವುದು ಕೊಳವೆಗಳಲ್ಲಿರುವ ಎಣ್ಣೆಯ ಒತ್ತಡದಿಂದ. ಡಿಸಿ-10ರಲ್ಲಿ ಇಂಥ ಮೂರು ಪ್ರತ್ಯೇಕ ವ್ಯವಸ್ಥೆಗಳಿದ್ದವು. ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ಮೂರೂ ಒಟ್ಟಿಗೆ ಹೋಗುವುದು ಅಸಾಧ್ಯವೆಂದೇ ಭಾವಿಸಲಾಗಿತ್ತು, ಆದ್ದರಿಂದ ಆ ಸ್ಥಿತಿಗೆ ಯಾವ ಪುಸ್ತಕದಲ್ಲಿಯೂ ಸೂಚನೆಯಿರಲಿಲ್ಲ. ಆದರೆ ಮೂರರ ಕೊಳವೆಗಳೂ ಬಾಲದಲ್ಲಿ ಹತ್ತಿರ ಹತ್ತಿರ ಹಾದುಹೋಗುತ್ತಿದ್ದವು. ಮೂರೂ ಬರಿದಾದವು. ಹಿಡಿದ ಚಾಲನದಂಡ ಹಿಡಿದಂತೆಯೇ ಇತ್ತು, ವಿಮಾನ ಮಾತ್ರ ಅದರ ಮಾತು ಕೇಳುತ್ತಿರಲಿಲ್ಲ. (ಪಾಸ್ಕಲ್‌ನ ನಿಯಮದ ಬಗ್ಗೆ ನನ್ನದೊಂದು ತಪ್ಪೊಪ್ಪಿಗೆಯಿದೆ. ಅದನ್ನು ಕೊನೆಗೆ ಹೇಳುತ್ತೇನೆ.)

ಆಗ ವಿಮಾನ ನಡೆಸುತ್ತಿದ್ದವರು ಸಹಪೈಲಟ್ ವಿಲಿಯಂ ರೆಕಾರ್ಡ್ಸ್. ತನ್ನ ಹಿಡಿತಕ್ಕೆ ಸಿಗುತ್ತಿಲ್ಲವೆಂದು ಅವರು ತಿಳಿಸಿದರು. ವಿಮಾನ ಬಲಕ್ಕೆ ವಾಲುತ್ತಲೇ ಇತ್ತು. ಇನ್ನೂ ವಾಲಿದರೆ ಬೋರಲಾಗುವುದೇ ಸೈ. ಹೇನ್ಸ್ ಎಡ ಎಂಜಿನ್ನಿನ ಬಲವನ್ನು ತಗ್ಗಿಸಿ ಬಲ ಎಂಜಿನ್ನಿನದನ್ನು ಹೆಚ್ಚಿಸಿದರು. ವಾಲಿದ ರೆಕ್ಕೆ ನಿಧಾನವಾಗಿ ಮೇಲೆದ್ದಿತು. ಎರಡು ಎತ್ತುಗಳಲ್ಲಿ ಒಂದನ್ನು ತಡೆದು ಇನ್ನೊಂದನ್ನು ಅಟ್ಟಿ ಗಾಡಿ ತಿರುಗಿಸಿದಂತೆ! ಮುಂದಿನ 44 ನಿಮಿಷ ಅವರ ಬಳಿ ಇದ್ದ ಸಾಧನ ಇದೊಂದೇ.

ವಿಮಾನದಲ್ಲಿ ಪ್ರಯಾಣಿಕರಾಗಿ ಡೆನ್ನಿಸ್ ಫಿಚ್ ಎಂಬವರಿದ್ದರು. ಅದೇ ಸಂಸ್ಥೆಯಲ್ಲಿ ಡಿಸಿ-10 ಪೈಲಟ್‌ಗಳಿಗೆ ತರಬೇತಿ ಕೊಡುವವರು. ತಾನು ನೆರವಾಗಬಹುದೇ ಎಂದು ಪರಿಚಾರಿಕೆಯ ಮೂಲಕ ಕೇಳಿಸಿದರು. ಹೇನ್ಸ್ ತಡಮಾಡದೆ ಒಳಗೆ ಕರೆದರು. ಅದುವರೆಗೆ ಅವರಿಬ್ಬರೂ ಮುಖ ನೋಡಿದವರಲ್ಲ. ಫಿಚ್ ಹಿಂದಕ್ಕೆ ಹೋಗಿ ಕಿಟಕಿಯಿಂದ ರೆಕ್ಕೆಯ ಫಲಕಗಳು ಅಲುಗುತ್ತಿಲ್ಲವೆಂದು ಕಂಡು ಬಂದರು. ಅನಂತರ ಇಬ್ಬರು ಪೈಲಟ್‌ಗಳ ನಡುವೆ ಮೊಣಕಾಲೂರಿ, ಒಂದೊಂದು ಕೈಯಲ್ಲಿ ಒಂದೊಂದು ಎಂಜಿನ್ನಿನ ಥ್ರಾಟಲ್ ಹಿಡಿದರು. ಎಂಜಿನಿಯರ್ ಡಡ್ಲಿ ಡ್ವೊರಾಕ್ ಸಂಸ್ಥೆಯ ನಿರ್ವಹಣಾ ತಜ್ಞರೊಡನೆ ರೇಡಿಯೋದಲ್ಲಿ ಮಾತಾಡುತ್ತಿದ್ದರು. ತಜ್ಞರಿಗೂ ಏನೂ ತೋಚಲಿಲ್ಲ.

ಇಲ್ಲೊಮ್ಮೆ ನಿಂತು ಯೋಚಿಸಬೇಕು. ಮಾಜಿ ಸೈನಿಕ, ಐವತ್ತೇಳರ ವಯಸ್ಸು, ವಿಮಾನದ ಪರಮಾಧಿಕಾರಿ. ಅಂಥವರು ತನ್ನ ವಿಮಾನದ ಏಕೈಕ ಜೀವನಾಡಿಯನ್ನು ಆಗಷ್ಟೇ ಬಾಗಿಲು ದಾಟಿ ಬಂದ ಅಪರಿಚಿತನೊಬ್ಬನ ಕೈಗೆ ಕೊಟ್ಟರು. ಅಪಮಾನವೆಂದು ಎಣಿಸಲಿಲ್ಲ. ಆ ಕೋಣೆಯಲ್ಲಿದ್ದ ನಾಲ್ವರದೂ ಸೇರಿ 103 ವರ್ಷಗಳ ಹಾರಾಟದ ಅನುಭವವಿತ್ತು, ಆದರೆ ಇಂಥ ಸ್ಥಿತಿಯಲ್ಲಿ ಒಂದು ನಿಮಿಷದ ಅಭ್ಯಾಸವೂ ಯಾರಿಗೂ ಇರಲಿಲ್ಲ, ಹೀಗಿರುವಾಗ ಉಳಿದ ಮೂವರಿಗಿಂತ ತನಗೇ ಹೆಚ್ಚು ಗೊತ್ತೆಂದು ಏಕೆ ಭಾವಿಸಬೇಕು ಎಂಬುದು ಅವರ ವಾದವಾಗಿತ್ತು. ಅಜ್ಞಾನ ಎಲ್ಲರಿಗೂ ಸಮಾನವಾಗಿರುವಾಗ ಎಲ್ಲರ ಬುದ್ಧಿಯೂ ಬೇಕು.

ವಿಮಾನ ಅಲೆಯಂತೆ ಏರುತ್ತ ಇಳಿಯುತ್ತ, ಬಹುಪಾಲು ಬಲಕ್ಕೇ ತಿರುಗುತ್ತ, ಸೂ ಸಿಟಿ ಎಂಬ ನಗರದ ಕಡೆಗೆ ಇಳಿಯತೊಡಗಿತು. ನೆಲದಿಂದ ದಾರಿ ಹೇಳುತ್ತಿದ್ದ ನಿಯಂತ್ರಕ ಕೆವಿನ್ ಬ್ಯಾಕ್‌ಮನ್ ಶಾಂತ ಸ್ವರದಲ್ಲಿ, ಯಾವ ರನ್‌ವೇಯಲ್ಲಾದರೂ ಇಳಿಯಬಹುದೆಂದು ಅನುಮತಿ ಕೊಟ್ಟರು. ಹೇನ್ಸ್ ನಕ್ಕು, ರನ್‌ವೇಯೇ ಆಗಬೇಕೋ ಎಂದು ಕೇಳಿದರು! ಎಲ್ಲ ಮುಗಿದ ಮೇಲೆ ಬಿಯರ್ ಕುಡಿಯೋಣವೆಂದು ಫಿಚ್ ಹೇಳಿದಾಗ, ತಾನು ಕುಡಿಯುವವನಲ್ಲ, ಆದರೆ ಇಂದು ಖಂಡಿತ ಕುಡಿಯುವೆನೆಂದರು. ಸಾವಿನ ಎದುರು ಕುಳಿತು ಆಡಿದ ಈ ಹಾಸ್ಯವನ್ನು ಕೆಲವರು ಧೈರ್ಯವೆನ್ನುತ್ತಾರೆ. ನನಗೆ ಅದು ಜೊತೆಗಾರರ ಬಾಯಿ ಕಟ್ಟದಂತೆ ನೋಡಿಕೊಳ್ಳುವ ಹಿರಿಯನ ಜಾಣ್ಮೆಯಾಗಿ ಕಾಣುತ್ತದೆ.

ಸಂಜೆ 4 ಗಂಟೆಗೆ ವಿಮಾನ ನೆಲ ಮುಟ್ಟಿತು. ಇಳಿಯುವ ವೇಗ ಸುಮಾರು 215 ನಾಟ್. ಸಾಮಾನ್ಯವಾಗಿ ಇರಬೇಕಾದದ್ದು 140ರ ಆಸುಪಾಸು. ಕೊನೆಯ ಗಳಿಗೆಯಲ್ಲಿ ಬಲರೆಕ್ಕೆ ತಗ್ಗಿ ನೆಲಕ್ಕೆ ತಾಗಿತು. ಬೆಂಕಿ ಹೊತ್ತಿತು, ವಿಮಾನ ತುಂಡಾಯಿತು, ನಡುಭಾಗ ಮಗುಚಿಕೊಂಡು ಪಕ್ಕದ ಮುಸುಕಿನ ಜೋಳದ ಹೊಲಕ್ಕೆ ಜಾರಿತು. ದೂರದಿಂದ ನೋಡಿದವರು ಯಾರೂ ಉಳಿದಿರಲಾರರೆಂದುಕೊಂಡರು. ಅಷ್ಟರಲ್ಲಿ ಆಳೆತ್ತರದ ಜೋಳದ ಸಾಲುಗಳ ನಡುವಿನಿಂದ ಜನ ನಡೆದುಬರತೊಡಗಿದರು. ಒಡೆದು ಬೇರ್ಪಟ್ಟಿದ್ದ ಪೈಲಟ್‌ಗಳ ಕೋಣೆ ಸೊಂಟದೆತ್ತರದ ಲೋಹದ ಮುದ್ದೆಯಾಗಿತ್ತು. ಅದರೊಳಗೆ ಮನುಷ್ಯರಿದ್ದಾರೆಂದು ತಿಳಿಯಲು 35 ನಿಮಿಷ ಬೇಕಾಯಿತು. ನಾಲ್ವರೂ ಜೀವಂತವಾಗಿದ್ದರು. 296 ಮಂದಿಯಲ್ಲಿ 112 ಮಂದಿ ತೀರಿಕೊಂಡರು. 184 ಮಂದಿ ಉಳಿದರು.

ಉಳಿದುದಕ್ಕೆ ಪೈಲಟ್‌ಗಳು ಮಾತ್ರ ಕಾರಣರಲ್ಲ ಎಂದು ಹೇನ್ಸ್ ಹೋದಲ್ಲೆಲ್ಲ ಹೇಳುತ್ತಿದ್ದರು. ಹಗಲಿತ್ತು, ಹವೆ ಚೆನ್ನಾಗಿತ್ತು. ನಗರದ ಎರಡು ದೊಡ್ಡ ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವ ಸಮಯವಾದ್ದರಿಂದ ಎರಡು ಪಾಳಿಯ ಸಿಬ್ಬಂದಿಯೂ ದೊರೆತರು. ನ್ಯಾಷನಲ್ ಗಾರ್ಡ್ ಎಂಬ ಮೀಸಲು ಸೇನೆಯ 285 ಮಂದಿ ಅಂದು ವಿಮಾನ ನಿಲ್ದಾಣದಲ್ಲಿಯೇ ಕರ್ತವ್ಯದಲ್ಲಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಎರಡು ವರ್ಷ ಮೊದಲು, 1987ರಲ್ಲಿ, ದೊಡ್ಡ ವಿಮಾನ ಬಿದ್ದರೆ ಏನು ಮಾಡಬೇಕೆಂದು ಆ ಊರಿನವರು ಅಣಕು ಅಭ್ಯಾಸ ನಡೆಸಿದ್ದರು. ಸುದ್ದಿ ತಿಳಿದ ನಾಗರಿಕರು ರಕ್ತ ಕೊಡಲು ಸಾಲುಗಟ್ಟಿ ನಿಂತರು. ಅದೃಷ್ಟ, ಸಂವಹನ, ಸಿದ್ಧತೆ, ಕಾರ್ಯಾಚರಣೆ, ಸಹಕಾರ: ಈ ಐದನ್ನು ಅವರು ಬೆರಳೆಣಿಸಿ ಹೇಳುತ್ತಿದ್ದರು. ತನ್ನ ಶೌರ್ಯ ಆ ಪಟ್ಟಿಯಲ್ಲಿ ಇಲ್ಲ.

ಎಂಜಿನ್ ಸಿಡಿದುದೇಕೆ? ಮೂರು ತಿಂಗಳ ಬಳಿಕ, ಅಕ್ಟೋಬರ್‌ನಲ್ಲಿ, ಆಲ್ಟಾ ಎಂಬ ಊರಿನ ಬಳಿಯ ಹೊಲದಲ್ಲಿ ಎಂಜಿನ್ನಿನ ಮುಂಭಾಗದ ಟೈಟಾನಿಯಂ ಚಕ್ರ ದೊರೆಯಿತು. ಹದಿನೇಳು ವರ್ಷಗಳಿಗೂ ಹಿಂದೆ ಆ ಲೋಹವನ್ನು ಕರಗಿಸುವಾಗ ಸೇರಿದ್ದ ಅತಿ ಚಿಕ್ಕ ಕಲ್ಮಶವೊಂದು ಬಿರುಕಾಗಿ ಬೆಳೆದಿತ್ತು. ತಪಾಸಣೆಯಲ್ಲಿ ಆ ಬಿರುಕು ಕಣ್ಣಿಗೆ ಬೀಳಬೇಕಾಗಿತ್ತು, ಬೀಳಲಿಲ್ಲ. ಒಂದು ಸಣ್ಣ ತಪ್ಪು ಯಾರೂ ಕೇಳದೆ, ಯಾರೂ ನೋಡದೆ ಒಳಗೊಳಗೇ ಬೆಳೆಯುವ ಬಗೆ ಇದು. ಆಮೇಲೆ ಡಿಸಿ-10 ವಿಮಾನಗಳ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ, ಎಣ್ಣೆ ಪೂರ್ತಿ ಸೋರದಂತೆ ತಡೆಯುವ ಸಾಧನಗಳನ್ನು ಅಳವಡಿಸಿದರು. ಎಂಜಿನ್ ಬಲದಿಂದಲೇ ವಿಮಾನ ಇಳಿಸುವ ವಿಧಾನವನ್ನು ನಾಸಾ ಬೆಳೆಸಿ, 1995ರಲ್ಲಿ ಪ್ರಯೋಗಾರ್ಥವಾಗಿ ವಿಮಾನವೊಂದನ್ನು ಇಳಿಸಿಯೂ ತೋರಿಸಿತು. ಎಲ್ಲ ಪಾಠಗಳನ್ನೂ ಕಲಿತರೆಂದಲ್ಲ. ಅಂದು ತಾಯಂದಿರ ಮಡಿಲಲ್ಲಿದ್ದ ಪುಟ್ಟ ಮಕ್ಕಳನ್ನು ನೆಲದ ಮೇಲಿಟ್ಟು ಹಿಡಿದುಕೊಳ್ಳಲು ಹೇಳಲಾಗಿತ್ತು. ಆಗ ನಿಯಮವಿದ್ದುದೇ ಹಾಗೆ. ಒಂದು ಮಗು ತೀರಿಕೊಂಡಿತು. ಆ ಮಾತು ಹೇಳಿದ ಮುಖ್ಯ ಪರಿಚಾರಿಕೆ ಜ್ಯಾನ್ ಬ್ರೌನ್, ಪ್ರತಿ ಮಗುವಿಗೂ ಪ್ರತ್ಯೇಕ ಆಸನ ಕಡ್ಡಾಯವಾಗಬೇಕೆಂದು ಮುಂದೆ ವರ್ಷಗಟ್ಟಲೆ ಹೋರಾಡಿದರು. ಅಮೆರಿಕದಲ್ಲಿ ಎರಡು ವರ್ಷದೊಳಗಿನ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಪ್ರಯಾಣಿಸಲು ಈಗಲೂ ಅವಕಾಶವಿದೆ.

ಹೇನ್ಸ್ ಕೆಲವೇ ತಿಂಗಳಲ್ಲಿ ಮತ್ತೆ ಹಾರಾಟಕ್ಕೆ ಮರಳಿದರು. 1991ರಲ್ಲಿ ಅರವತ್ತು ತುಂಬಿ ನಿವೃತ್ತರಾದರು. 1992ರಲ್ಲಿ ಈ ಘಟನೆ ದೂರದರ್ಶನ ಚಲನಚಿತ್ರವಾಗಿ, ಹೆಸರಾಂತ ನಟ ಚಾರ್ಲ್‌ಟನ್ ಹೆಸ್ಟನ್ ಅವರ ಪಾತ್ರ ವಹಿಸಿದರು. ಆದರೆ ವೀರನೆಂಬ ಬಿರುದನ್ನು ಅವರು ಒಪ್ಪಲೇ ಇಲ್ಲ. ತಾನು ಬದುಕಿ, ತನ್ನನ್ನು ನಂಬಿ ಕುಳಿತಿದ್ದ 112 ಮಂದಿ ಸತ್ತರಲ್ಲ ಎಂಬ ವ್ಯಥೆ ಅವರನ್ನು ಬಿಡಲಿಲ್ಲ. ತನಿಖೆಯ ವೇಳೆ ಅನುಭವಿ ಪೈಲಟ್‌ಗಳು ಅದೇ ಸ್ಥಿತಿಯನ್ನು ಅಣಕುಯಂತ್ರದಲ್ಲಿ ಪ್ರಯತ್ನಿಸಿ ನೋಡಿದರು. ಅಂಥ ವಿಮಾನವನ್ನು ನೆಚ್ಚಿಕೆಯಿಂದ ಇಳಿಸುವುದು ಅಭ್ಯಾಸದಿಂದ ಬರುವ ವಿದ್ಯೆಯಲ್ಲವೆಂದು ತನಿಖೆ ಹೇಳಿತು. ಆದರೂ ಆ ವ್ಯಥೆ ಪೂರ್ತಿ ಕರಗಲಿಲ್ಲ. ಅದನ್ನು ಇಳಿಸಿಕೊಳ್ಳಲು ಅವರು ಕಂಡುಕೊಂಡ ದಾರಿ ಶಿಕ್ಷಕನದು. ಊರೂರು ತಿರುಗಿ, ಪೈಲಟ್‌ಗಳು, ವೈದ್ಯರು, ಅಗ್ನಿಶಾಮಕರು, ಯಾರು ಕರೆದರೂ ಹೋಗಿ ನೂರಾರು ಬಾರಿ ಅದೇ ಕಥೆ ಹೇಳಿದರು. ಬಿಡುವಿನಲ್ಲಿ ಸಿಯಾಟಲ್ ಬಳಿ ಮಕ್ಕಳ ಬೇಸ್‌ಬಾಲ್ ಆಟಕ್ಕೆ ಅಂಪೈರ್ ಆಗಿ ನಿಲ್ಲುತ್ತಿದ್ದರು. ಮುಂದೆ ಅವರ ಮಗಳಿಗೆ ಅಸ್ಥಿಮಜ್ಜೆಯ ಕಸಿ ಬೇಕಾಗಿ ಹಣ ಸಾಲದೆ ಬಂದಾಗ, ನೆರವಾದವರಲ್ಲಿ ಆ ವಿಮಾನದಲ್ಲಿ ಬದುಕುಳಿದವರೂ ಇದ್ದರು. 2019ರ ಆಗಸ್ಟ್ 25ರಂದು, ಎಂಬತ್ತೆಂಟು ತುಂಬಲು ಆರು ದಿನಗಳಿರುವಾಗ, ಅವರು ತೀರಿಕೊಂಡರು. ಡೆನ್ನಿಸ್ ಫಿಚ್ ಏಳು ವರ್ಷ ಮೊದಲೇ, 2012ರಲ್ಲಿ, ಹೋಗಿದ್ದರು.

ಈಗ ನನ್ನ ತಪ್ಪೊಪ್ಪಿಗೆ. 1988ರಲ್ಲಿ ಹತ್ತನೆಯ ತರಗತಿಗೆ ಪಾಸ್ಕಲ್‌ನ ನಿಯಮದ ಲೆಕ್ಕವೊಂದನ್ನು ಮಾಡಿಸುತ್ತಿದ್ದೆ. ಒಂದು ಕೊರಡೆಯ ತ್ರಿಜ್ಯ 2 ಸೆಂಟಿಮೀಟರ್, ಇನ್ನೊಂದರದು 10. ಬಲ ಐದು ಪಟ್ಟಾಗುತ್ತದೆಂದು ಕರಿಹಲಗೆಯ ಮೇಲೆ ಬರೆದೆ. ಹಿಂದಿನ ಸಾಲಿನಿಂದ, ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದು, "ಸಾರ್, ಇಪ್ಪತ್ತೈದು ಪಟ್ಟು ಆಗಬೇಕಲ್ಲವೇ?" ಎಂದಳು. ನಾನು ಹಲಗೆಯತ್ತ ತಿರುಗಿ ನೋಡಲೂ ಇಲ್ಲ. "ಕುಳಿತುಕೋ" ಎಂದೆ. ತರಗತಿ ನಕ್ಕಿತು. ನಲವತ್ತು ಮಕ್ಕಳು ತಪ್ಪನ್ನೇ ಬರೆದುಕೊಂಡರು. ರಾತ್ರಿ ಮನೆಯಲ್ಲಿ ನೆನೆದಾಗ ತಿಳಿಯಿತು, ವಿಸ್ತೀರ್ಣಕ್ಕೆ ತ್ರಿಜ್ಯದ ವರ್ಗ ಬೇಕು, ಅವಳು ಹೇಳಿದ್ದೇ ಸರಿ. ಮರುದಿನ ಹಲಗೆಯ ಮೇಲೆ ಸರಿಯಾದ ಉತ್ತರ ಬರೆದೆ, ಆದರೆ ಯಾರು ಹೇಳಿದ್ದೆಂದು ಹೇಳಲಿಲ್ಲ. ಅವಳು ಆ ವರ್ಷ ಮತ್ತೆಂದೂ ನನ್ನ ತರಗತಿಯಲ್ಲಿ ಎದ್ದು ನಿಲ್ಲಲಿಲ್ಲ. ಹೇನ್ಸ್ ಅವರ ಭಾಷಣ ಓದಿದ ರಾತ್ರಿ ನನಗೆ ನೆನಪಾದದ್ದು ವಿಮಾನವಲ್ಲ, ಆ ಹುಡುಗಿಯ ಮುಖ.

ಹಲಗೆಯ ತಪ್ಪಿಗೆ ಯಾರೂ ಸಾಯುವುದಿಲ್ಲ ಎನ್ನಬಹುದು. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಮಾತ್ರ ಉಳಿದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದನ್ನೂ, ಕ್ಯಾಪ್ಟನ್ ಅದನ್ನು ಕೇಳದೆ ಇಳಿಸಿದ್ದನ್ನೂ ತನಿಖಾ ವರದಿ ದಾಖಲಿಸಿದೆ. ಸತ್ತ ಪೈಲಟ್‌ಗಳನ್ನು ದೂಷಿಸಲು ಇದನ್ನು ಬರೆಯುತ್ತಿಲ್ಲ. ಅಂಥ ಕ್ಯಾಪ್ಟನ್ ನನ್ನೊಳಗೂ ಇದ್ದ ಎಂದು ಬರೆಯುತ್ತಿದ್ದೇನೆ.

ಕಾಫಿಯ ವೇಳೆ ಪ್ರಶ್ನೆ ಕೇಳಿದ ನನ್ನ ವಿದ್ಯಾರ್ಥಿಗೆ ಉತ್ತರ ಇಷ್ಟೇ. ಕೇಳುವುದೆಂದರೆ ಅಧಿಕಾರ ಬಿಟ್ಟುಕೊಡುವುದಲ್ಲ. ಆ 44 ನಿಮಿಷಗಳಲ್ಲಿ ಕ್ಯಾಪ್ಟನ್ ಹೇನ್ಸ್ ಅವರೇ ಆಗಿದ್ದರು. ಯಾರನ್ನು ಒಳಗೆ ಕರೆಯಬೇಕು, ಎಲ್ಲಿ ಇಳಿಯಬೇಕು ಎಂಬ ನಿರ್ಧಾರ ಅವರದೇ, ಅದರ ಹೊಣೆಯನ್ನು ಕೊನೆಯವರೆಗೆ ಹೊತ್ತವರೂ ಅವರೇ. ಆಳಾಗಬಲ್ಲವನು ಅರಸಾಗಬಲ್ಲ ಎಂದು ನಮ್ಮ ಹಿರಿಯರು ಗಾದೆ ಮಾಡಿದ್ದು ಸುಮ್ಮನೆಯೇ?

1988ರ ಆ ತರಗತಿಯ ಮಕ್ಕಳಲ್ಲಿ ಕೆಲವರು ಈ ಬರಹಗಳನ್ನು ಓದುತ್ತಿರುವುದು ನನಗೆ ಗೊತ್ತು. ಆ ಹುಡುಗಿ ಇಂದು ಎಲ್ಲಿದ್ದಾಳೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವಳ ಪರಿಚಯವಿದ್ದರೆ ದಯವಿಟ್ಟು ತಿಳಿಸಿ: ಉತ್ತರ ಇಪ್ಪತ್ತೈದು, ಅವಳು ಹೇಳಿದ್ದೇ ಸರಿ, ಮೇಷ್ಟ್ರು ಒಪ್ಪಿಕೊಂಡಿದ್ದಾರೆ.